ಫ್ಲೇಮ್ ಏಂಜಲ್ ತಂದರೆ ನನ್ನ ಹವಳಗಳು ಉಳಿಯುತ್ತವೆಯೇ?

ಪ್ರಶ್ನೆ: ನನ್ನದು 300 ಲೀಟರ್‌ನ ರೀಫ್ ಟ್ಯಾಂಕ್, ಅಂದರೆ ಹವಳ ಸಾಕುವ ಉಪ್ಪುನೀರಿನ ಟ್ಯಾಂಕ್. ಶುರು ಮಾಡಿ 14 ತಿಂಗಳಾಯಿತು. ಮೀನುಗಳಲ್ಲಿ ಒಂದು ಜೋಡಿ ಕ್ಲೌನ್, ಒಂದು ರಾಯಲ್ ಗ್ರಾಮಾ, ಒಂದು ಬ್ಲೆನಿ ಇವೆ. ಹವಳಗಳಲ್ಲಿ ಲೆದರ್, ಝೋವಾ, ಎರಡು ಟಾರ್ಚ್, ಕೆಲವು ಆಕ್ರೋಪೋರಾ ತುಂಡುಗಳು, ಮತ್ತೆ ನನಗೆ ಎಲ್ಲಕ್ಕಿಂತ ಇಷ್ಟವಾದ ಒಂದು ಕೆಂಪು ಟ್ರ್ಯಾಕಿಫಿಲಿಯಾ. ಫ್ಲೇಮ್ ಏಂಜಲ್ ಮೀನು ತರಬೇಕು ಅಂತ ಬಹಳ ದಿನದ ಆಸೆ. ಒಬ್ಬ ಗೆಳೆಯ "ಐದು ವರ್ಷದಿಂದ ನನ್ನ ಹತ್ತಿರ ಇದೆ, ಒಂದು ಹವಳವನ್ನೂ ಮುಟ್ಟಿಲ್ಲ" ಅನ್ನುತ್ತಾನೆ. ಇನ್ನೊಬ್ಬ "ತಂದರೆ ನಿನ್ನ ಟ್ಯಾಂಕ್ ಕಥೆ ಮುಗೀತು" ಅನ್ನುತ್ತಾನೆ. ಯಾರ ಮಾತು ನಂಬಲಿ? ಫ್ಲೇಮ್ ಬದಲು ಕೋರಲ್ ಬ್ಯೂಟಿ ಮೀನು ತಂದರೆ ವಾಸಿಯಾ? ಜೋಡಿಯಾಗಿ ಸಾಕಬಹುದಾ?

ಉತ್ತರ: ಸಾಕಬಹುದು. ಆದರೆ ನಿಮ್ಮ ಪಟ್ಟಿಯಲ್ಲಿ ಒಂದು ಹೆಸರು ನೋಡಿದ ಕೂಡಲೇ ನನ್ನ ಕೈ ತಡೆಯಿತು. ಅದೇ ಆ ಕೆಂಪು ಟ್ರ್ಯಾಕಿಫಿಲಿಯಾ. ಅದನ್ನು ಇಡಲು ಬೇರೆ ಟ್ಯಾಂಕ್ ಇದ್ದರೆ ಮೀನು ತನ್ನಿ. ಇಲ್ಲ, ಅದು ಇಲ್ಲೇ ಇರಬೇಕು ಅಂದರೆ ಈ ಟ್ಯಾಂಕಿಗೆ ಡ್ವಾರ್ಫ್ ಏಂಜಲ್ (ಫ್ಲೇಮ್, ಕೋರಲ್ ಬ್ಯೂಟಿಯಂಥ ಸಣ್ಣ ಗಾತ್ರದ ಏಂಜಲ್ ಮೀನು) ಬೇಡ. ಉಳಿದ ಹವಳಗಳ ವಿಷಯದಲ್ಲಿ ಧೈರ್ಯ ಮಾಡಬಹುದು. ಅದರ ವಿಷಯದಲ್ಲಿ ನಾನಂತೂ ಮಾಡುವುದಿಲ್ಲ.

ನಿಮ್ಮ ಗೆಳೆಯರಿಬ್ಬರೂ ಸುಳ್ಳು ಹೇಳುತ್ತಿಲ್ಲ. ಇಬ್ಬರೂ ತಾವು ಕಂಡದ್ದನ್ನೇ ಹೇಳುತ್ತಿದ್ದಾರೆ. ನಾನು ಇಲ್ಲಿಯವರೆಗೆ ಎರಡು ಫ್ಲೇಮ್ ಸಾಕಿದ್ದೇನೆ. ಮೊದಲನೆಯದು ನಾಲ್ಕು ವರ್ಷ ಒಂದು ಹವಳವನ್ನೂ ಕೆಡಿಸಲಿಲ್ಲ. ಎರಡನೆಯದನ್ನು ಅದೇ ಟ್ಯಾಂಕಿಗೆ, ಅದೇ ಊಟಕ್ಕೆ ತಂದು ಬಿಟ್ಟೆ. ಮೂರನೇ ವಾರ ಅದು ನನ್ನ ಲೋಬೋಫಿಲಿಯಾ ಹವಳವನ್ನು ಕುಕ್ಕಲು ಹಿಡಿಯಿತು. ಒಂದು ಜಾತಿಯ ಎರಡು ಮೀನುಗಳ ನಡುವೆಯೇ ಇಷ್ಟು ವ್ಯತ್ಯಾಸ. ಹಾಗಾಗಿ "ಫ್ಲೇಮ್ ಹವಳ ತಿನ್ನುತ್ತದಾ" ಅನ್ನುವ ಪ್ರಶ್ನೆಗೆ ಹೌದು ಅಂತಲೂ ಹೇಳಲು ಬರುವುದಿಲ್ಲ, ಇಲ್ಲ ಅಂತಲೂ ಬರುವುದಿಲ್ಲ. ನೀವು ತರುವ ಆ ಒಂದು ಮೀನು ಏನು ಮಾಡುತ್ತದೆ, ಮಾಡಿದರೆ ನೀವು ಏನು ಮಾಡುತ್ತೀರಿ ಅನ್ನುವುದೇ ಪ್ರಶ್ನೆ. ಎರಡನೆಯದಕ್ಕೆ ಉತ್ತರ ಮೀನು ತರುವ ಮೊದಲೇ ಇರಬೇಕು.

ಈ ಮೀನು ಹವಳಕ್ಕೆ ಯಾಕೆ ಬಾಯಿ ಹಾಕುತ್ತದೆ ಅಂತ ತಿಳಿದುಕೊಂಡರೆ ಅರ್ಧ ಕೆಲಸ ಆದಂತೆ. ಫ್ಲೇಮ್, ಕೋರಲ್ ಬ್ಯೂಟಿ ಎಲ್ಲ ಸೆಂಟ್ರೋಪೈಜಿ ಅನ್ನುವ ಕುಲಕ್ಕೆ ಸೇರಿದವು. ಈ ಕುಲದಲ್ಲಿ ಮೂವತ್ತಕ್ಕೂ ಹೆಚ್ಚು ಜಾತಿಗಳಿವೆ. ಹೆಚ್ಚಿನವು 8ರಿಂದ 15 ಸೆಂಟಿಮೀಟರ್ ಒಳಗೇ ನಿಲ್ಲುತ್ತವೆ. ಸಮುದ್ರದಲ್ಲಿ ಇವು ಹವಳದ ಸಂದುಗಳಲ್ಲಿ, ಮುರಿದ ಹವಳದ ರಾಶಿಯಲ್ಲಿ ಇರುತ್ತವೆ. ಬೆಳಗಾದರೆ ಸಾಕು, ಮೇಯಲು ಶುರು. ಕಲ್ಲಿನ ಮೇಲಿನ ತೆಳು ಪಾಚಿ, ಅದರಲ್ಲಿ ಸಿಕ್ಕಿಕೊಂಡ ಕೊಳೆ, ಅದರೊಳಗಿನ ಸಣ್ಣ ಸಣ್ಣ ಜೀವಿಗಳು, ಎಲ್ಲವೂ ಇವಕ್ಕೆ ಊಟ. ಎರಡು ಹೊತ್ತು ಹೊಟ್ಟೆ ತುಂಬ ತಿಂದು ಸುಮ್ಮನೆ ಕೂರುವ ಮೀನಲ್ಲ ಇದು. ಆಡು ಮುಟ್ಟದ ಸೊಪ್ಪಿಲ್ಲ ಅಂತಾರಲ್ಲ, ಹಾಗೆ ಕಂಡ ಕಂಡಲ್ಲಿ ಒಂದು ಸಲ ಬಾಯಿ ಹಾಕಿ ನೋಡುವ ಮೀನು.

ಇನ್ನು ಹವಳದ ಕಡೆಯಿಂದ ನೋಡಿ. ಹವಳದ ಮೈಮೇಲೆ ಯಾವಾಗಲೂ ಒಂದು ಪದರ ಲೋಳೆ ಇರುತ್ತದೆ. ನೀರಿನಲ್ಲಿ ತೇಲುವ ಕೊಳೆ, ಆಹಾರದ ಚೂರು ಅದಕ್ಕೆ ಅಂಟುತ್ತವೆ. ಮೇಯುವ ಮೀನಿಗೆ ಇದೂ ಕಲ್ಲಿನ ಹಾಗೇ ಊಟ ಸಿಗುವ ಇನ್ನೊಂದು ಜಾಗ. ಏಂಜಲ್ ಹಲ್ಲು ಬ್ರಷ್ಷಿನ ಎಳೆಗಳ ಹಾಗೆ ಸಣ್ಣದು. ಪ್ಯಾರಟ್ ಮೀನಿನ ಹಾಗೆ ಹವಳವನ್ನು ಕಡಿದು ಪುಡಿ ಮಾಡುವುದಿಲ್ಲ, ಚಿವುಟುತ್ತದೆ ಅಷ್ಟೇ. ಒಂದು ಚಿವುಟಿಗೆ ಹವಳಕ್ಕೆ ಏನೂ ಆಗುವುದಿಲ್ಲ. ಆದರೆ ಒಂದೇ ಜಾಗಕ್ಕೆ ದಿನಕ್ಕೆ ನೂರು ಸಲ ಚಿವುಟಿದರೆ ಪಾಲಿಪ್ (ಹವಳದ ಒಂದೊಂದು ಸಣ್ಣ ಜೀವಿ) ಹೊರಗೆ ಬರುವುದನ್ನೇ ನಿಲ್ಲಿಸುತ್ತದೆ. ಮುಚ್ಚಿಕೊಂಡೇ ಇರುವ ಹವಳಕ್ಕೆ ಬೆಳಕೂ ಸರಿಯಾಗಿ ಸಿಗದು, ಆಹಾರವೂ ಸಿಗದು. ಮೆಲ್ಲಗೆ ಅಂಚಿನಿಂದ ಮಾಂಸ ಹಿಂದೆ ಸರಿಯುತ್ತದೆ, ಕೆಳಗಿನ ಬಿಳಿ ಎಲುಬು ಕಾಣಿಸುತ್ತದೆ. ಮೀನು ಹವಳವನ್ನು ತಿಂದೇಬಿಟ್ಟಿತು ಅನ್ನುವ ಎಷ್ಟೋ ದೂರುಗಳ ಹಿಂದೆ ಇರುವುದು ಈ ನಿಧಾನದ ಕಾಟ.

ಟ್ರ್ಯಾಕಿಫಿಲಿಯಾ ಬೇಡ ಅಂದದ್ದು ಇದಕ್ಕೇ. ಅದು ಪೂರ್ತಿ ಮೆತ್ತನೆಯ ಮಾಂಸ. ಉಬ್ಬಿಕೊಂಡು ಮರಳಿನ ಮೇಲೆ ಕೂತಿರುತ್ತದೆ. ಲೋಳೆ ಜಾಸ್ತಿ, ಕುಟುಕುವ ಶಕ್ತಿ ಕಡಿಮೆ. ಲೋಬೋಫಿಲಿಯಾ, ಅಕಾನ್, ಸ್ಕೋಲಿಮಿಯಾ ಕೂಡ ಇದೇ ಗುಂಪು. ಟ್ರೈಡಾಕ್ನಾ ಅನ್ನುವ ಚಿಪ್ಪುಜೀವಿಯ ಹರಡಿದ ಮಾಂಸದ ಅಂಚೂ ಇವಕ್ಕೆ ತುಂಬಾ ಇಷ್ಟ. ನಿಮ್ಮ ಹತ್ತಿರ ಇಲ್ಲ, ಒಳ್ಳೆಯದಾಯಿತು. ಝೋವಾ ಮಧ್ಯದಲ್ಲಿ ಬರುತ್ತದೆ. ಕೆಲವು ಮೀನು ತಿರುಗಿಯೂ ನೋಡುವುದಿಲ್ಲ, ಕೆಲವು ಒಂದೊಂದೇ ಪಾಲಿಪ್ ಮುಚ್ಚಿಸುತ್ತಾ ಹೋಗುತ್ತವೆ. ಟಾರ್ಚ್ ಚೆನ್ನಾಗಿ ಕುಟುಕುತ್ತದೆ, ಹಾಗಾಗಿ ಸಾಮಾನ್ಯವಾಗಿ ಬಚಾವ್. ಆದರೂ ಅದಕ್ಕೆ ಗ್ಯಾರಂಟಿ ಕೊಡಲಾರೆ. ಲೆದರ್ ಬಗ್ಗೆ ಹೆಚ್ಚು ಚಿಂತೆ ಬೇಡ. ಅದರ ಮೈಯಲ್ಲಿರುವ ರಾಸಾಯನಿಕಗಳು ಮೀನಿಗೆ ರುಚಿಸುವುದಿಲ್ಲ. ಆಕ್ರೋಪೋರಾದ ಪಾಲಿಪ್ ತೀರಾ ಸಣ್ಣದು, ಮುಟ್ಟಿದರೆ ಒಳಗೆ ಹೋಗುತ್ತದೆ. ದೊಡ್ಡ ಗಿಡವಾದರೆ ತಡೆದುಕೊಳ್ಳುತ್ತದೆ. ನಿಮ್ಮದು ಇನ್ನೂ ತುಂಡುಗಳು ಅಂದಿರಿ. ಚಿಕ್ಕ ತುಂಡಿಗೆ ಅದೇ ಕಾಟ ಜಾಸ್ತಿ ಆಗುತ್ತದೆ. ಅವು ಕಲ್ಲಿಗೆ ಹರಡಿ ಕೂತು, ನಾಲ್ಕು ಕವಲು ಒಡೆದ ಮೇಲೆ ಮೀನು ತರುವುದು ಒಳ್ಳೆಯದು.

ಈಗ ಜಾತಿಯ ವಿಷಯ. ಫ್ಲೇಮ್ ಮತ್ತು ಕೋರಲ್ ಬ್ಯೂಟಿ ಎರಡೂ ಸುಮಾರು 10 ಸೆಂಟಿಮೀಟರ್‌ಗೆ ಬೆಳೆಯುತ್ತವೆ. ಹವಳದ ಮಟ್ಟಿಗೆ ಎರಡರ ಅಪಾಯವೂ ಹೆಚ್ಚು ಕಡಿಮೆ ಒಂದೇ. ಕೋರಲ್ ಬ್ಯೂಟಿ ಸ್ವಲ್ಪ ಸಾಧು ಅಂತ ಹಲವರು ಹೇಳುತ್ತಾರೆ. ನನ್ನ ಅನುಭವದಲ್ಲೂ ಹಾಗೇ ಅನ್ನಿಸಿದೆ. ಆದರೆ ಅದನ್ನೇ ನಂಬಿ ಟ್ರ್ಯಾಕಿಫಿಲಿಯಾ ಪಕ್ಕ ಬಿಡಬೇಡಿ. ಫ್ಲೇಮ್ ಬರುವುದು ಹೆಚ್ಚಾಗಿ ಮಧ್ಯ ಪೆಸಿಫಿಕ್‌ನ ದ್ವೀಪಗಳ ಕಡೆಯಿಂದ. ಕೋರಲ್ ಬ್ಯೂಟಿ ಪೂರ್ವ ಆಫ್ರಿಕಾದಿಂದ ಪೆಸಿಫಿಕ್‌ವರೆಗೂ ಇದೆ. ನಿಮಗೆ ಆಸೆ ಇರುವುದು ಫ್ಲೇಮ್ ಮೇಲೆ ಅಲ್ವಾ, ಫ್ಲೇಮನ್ನೇ ತನ್ನಿ. ಬೇಡ ಅನ್ನಬೇಕಾದದ್ದು ಲೆಮನ್‌ಪೀಲ್ ಮತ್ತು ಬೈಕಲರ್. ಇವು ಸ್ವಲ್ಪ ದೊಡ್ಡದಾಗುತ್ತವೆ, ಹವಳದ ಚಪಲವೂ ಜಾಸ್ತಿ. ಬೈಕಲರ್ ಸಾಗಾಣಿಕೆಯ ಪೆಟ್ಟು ತಡೆಯುವುದೂ ಕಷ್ಟ. ಚೆರಬ್ ಮತ್ತು ಆಫ್ರಿಕನ್ ಫ್ಲೇಮ್‌ಬ್ಯಾಕ್ ಇನ್ನೂ ಚಿಕ್ಕವು, 8 ಸೆಂಟಿಮೀಟರ್ ಅಷ್ಟೇ. ಗಾತ್ರ ನೋಡಿ ಮೋಸ ಹೋಗಬೇಡಿ, ಚೆರಬ್ ತನಗಿಂತ ದೊಡ್ಡ ಮೀನನ್ನೂ ಅಟ್ಟಿಸಿಕೊಂಡು ಹೋಗುತ್ತದೆ.

ಲೆಮನ್‌ಪೀಲ್ ಮಾತು ಬಂದದ್ದಕ್ಕೆ ಒಂದು ವಿಷಯ. ಚಾಕೊಲೇಟ್ ಟ್ಯಾಂಗ್ ಅನ್ನುವ ಮೀನಿನ ಮರಿ ಥೇಟ್ ಡ್ವಾರ್ಫ್ ಏಂಜಲ್ ಹಾಗೇ ಕಾಣುತ್ತದೆ. ಒಂದೊಂದು ಕಡೆ ಒಂದೊಂದು ಜಾತಿಯ ವೇಷ. ಲೆಮನ್‌ಪೀಲ್ ಅಂತ ತಂದದ್ದು ಬೆಳೆದು ಕಂದು ಬಣ್ಣದ ದೊಡ್ಡ ಟ್ಯಾಂಗ್ ಆದರೆ 300 ಲೀಟರ್ ಸಾಲದು. ಗುರುತಿಸುವುದು ಸುಲಭ. ಏಂಜಲ್ ಕೆನ್ನೆಯಲ್ಲಿ, ಕಿವಿರಿನ ಮುಚ್ಚಳದ ಕೆಳ ಮೂಲೆಯಲ್ಲಿ, ಹಿಂದಕ್ಕೆ ಚಾಚಿದ ಒಂದು ಮುಳ್ಳು ಇರುತ್ತದೆ. ಟ್ಯಾಂಗ್ ಮುಳ್ಳು ಇರುವುದು ಬಾಲದ ಬುಡದಲ್ಲಿ.

ಆ ಕೆನ್ನೆ ಮುಳ್ಳಿನ ನೆನಪು ನನಗೆ ಚೆನ್ನಾಗಿದೆ. ಮೊದಲ ಕೋರಲ್ ಬ್ಯೂಟಿಯನ್ನು ಬಲೆಯಲ್ಲಿ ಎತ್ತಿದ್ದೆ. ಮುಳ್ಳು ಬಲೆಯ ಎಳೆಗೆ ಸಿಕ್ಕಿಕೊಂಡಿತು. ಅದು ಒದ್ದಾಡಿದಷ್ಟೂ ಇನ್ನಷ್ಟು ಬಿಗಿಯಾಯಿತು. ಕೊನೆಗೆ ಬಲೆಯನ್ನು ನೀರಲ್ಲೇ ಮುಳುಗಿಸಿ ಹಿಡಿದು, ಸಣ್ಣ ಕತ್ತರಿಯಿಂದ ಸುತ್ತಲಿನ ಎಳೆಗಳನ್ನು ಒಂದೊಂದಾಗಿ ಕತ್ತರಿಸಿದೆ. ಮೀನು ಉಳಿಯಿತು, ಆದರೆ ಕೆನ್ನೆ ಹರಿದು ಎರಡು ವಾರ ಸರಿಯಾಗಿ ತಿನ್ನಲಿಲ್ಲ. ಅಂದಿನಿಂದ ಏಂಜಲ್ ಹಿಡಿಯಲು ಬಲೆ ಮುಟ್ಟಿಲ್ಲ. ಬಲೆಯಿಂದ ಮೂಲೆಗೆ ಅಟ್ಟಬಹುದು. ಎತ್ತುವುದು ಮಾತ್ರ ಪ್ಲಾಸ್ಟಿಕ್ ಡಬ್ಬಿಯಲ್ಲಿ, ನೀರಿನ ಸಮೇತ. ಅಂಗಡಿಯವರಿಗೂ ಹಾಗೇ ಹಿಡಿದುಕೊಡಲು ಹೇಳಿ.

ಅಂಗಡಿಯಲ್ಲಿ ಬಣ್ಣ ನೋಡಬೇಡಿ, ಹೊಟ್ಟೆ ನೋಡಿ. ಹೊಟ್ಟೆ ಒಳಕ್ಕೆ ಹೋಗಿರಬಾರದು. ಕಣ್ಣಿನ ಮೇಲಿನ ಬೆನ್ನು ಭಾಗ ಸೊರಗಿ ಚೂಪಾಗಿರಬಾರದು. ಆರೋಗ್ಯದ ಏಂಜಲ್ ನಿಮ್ಮನ್ನು ಕಂಡು ಒಳಗೆ ಓಡುತ್ತದೆ, ಅರ್ಧ ನಿಮಿಷದಲ್ಲಿ ಇಣುಕುತ್ತದೆ, ಮತ್ತೆ ಕಲ್ಲು ಕುಕ್ಕಲು ಶುರು ಮಾಡುತ್ತದೆ. ಮೂಲೆಯಲ್ಲಿ ನಿಂತು ಏದುಸಿರು ಬಿಡುವುದನ್ನು ತರಬೇಡಿ. ನಿಮ್ಮ ಕಣ್ಣೆದುರೇ ಮೈಸಿಸ್ (ಸೀಗಡಿಯಂಥ ಸಣ್ಣ ಜೀವಿ) ತಿನ್ನಿಸಿ ತೋರಿಸಲು ಕೇಳಿ. ಮೀನು ಅಂಗಡಿಗೆ ಬಂದು ಒಂದು ವಾರವಾದರೂ ಆಗಿರಲಿ. ಹಣ ಮುಂಗಡ ಕೊಟ್ಟು ಅಲ್ಲೇ ಬಿಟ್ಟು ಬಂದರೂ ಪರವಾಗಿಲ್ಲ.

ಒಂದು ವಾರ ಅಂದದ್ದಕ್ಕೆ ಕಾರಣ ಇದೆ. 1960ರ ದಶಕದಲ್ಲಿ ಫಿಲಿಪೈನ್ಸ್‌ನಲ್ಲಿ ಸಯನೈಡ್ ಹಾಕಿ ಮೀನು ಹಿಡಿಯುವ ಕ್ರಮ ಶುರುವಾಯಿತು. ಆಮೇಲೆ ಇಂಡೋನೇಷ್ಯಾಕ್ಕೂ ಹರಡಿತು. ಹವಳದ ಸಂದಿಗೆ ಸಯನೈಡ್ ನೀರು ಹಾರಿಸಿದರೆ ಮೀನು ಪ್ರಜ್ಞೆ ತಪ್ಪಿ ತೇಲುತ್ತದೆ. ಆ ಹವಳವೂ ಸಾಯುತ್ತದೆ. ಸಂದಿಯಲ್ಲಿ ಅಡಗುವ ಡ್ವಾರ್ಫ್ ಏಂಜಲ್‌ಗಳಿಗೆ ಈ ಪೆಟ್ಟು ಹೆಚ್ಚು. ಹೀಗೆ ಹಿಡಿದ ಮೀನು ಹೊರಗಿಂದ ಚೆನ್ನಾಗಿಯೇ ಕಾಣಬಹುದು. ತಿನ್ನುತ್ತದೆ, ಓಡಾಡುತ್ತದೆ, ಒಂದು ದಿನ ಸತ್ತು ಬಿದ್ದಿರುತ್ತದೆ. ನೀರು ಪರೀಕ್ಷೆ ಮಾಡಿ ಮಾಡಿ ನೀವೇ ತಪ್ಪು ಮಾಡಿದಿರೇನೋ ಅಂತ ಕೊರಗುತ್ತೀರಿ. ಎಲ್ಲಿಂದ ಬಂದ ಮೀನು, ಹೇಗೆ ಹಿಡಿದದ್ದು ಅಂತ ಕೇಳಿ. ಉತ್ತರ ಕೊಡಲಾಗದ ಕಡೆ ಕೊಳ್ಳಬೇಡಿ. ಟ್ಯಾಂಕಿನಲ್ಲೇ ಹುಟ್ಟಿ ಬೆಳೆದ ಕೋರಲ್ ಬ್ಯೂಟಿ ಈಗ ಮಾರಾಟಕ್ಕೆ ಬರುತ್ತಿವೆ. ಸಿಕ್ಕರೆ ಕಣ್ಣು ಮುಚ್ಚಿ ತನ್ನಿ. ಇವುಗಳ ಮೊಟ್ಟೆ ಒಂದು ಮಿಲಿಮೀಟರ್‌ಗಿಂತ ಚಿಕ್ಕದು, ಮರಿಯ ಬಾಯಿ ಇನ್ನೆಷ್ಟು ಚಿಕ್ಕದಿರಬೇಕು! ಅದಕ್ಕೆ ಹಿಡಿಸುವ ಆಹಾರ ಬೆಳೆಸಿ ಮರಿ ಉಳಿಸುವುದಕ್ಕೆ ಜನ ವರ್ಷಗಟ್ಟಲೆ ಕಷ್ಟಪಟ್ಟಿದ್ದಾರೆ. ಆ ಕೆಲಸದ ಬಗ್ಗೆ ನನಗೆ ತುಂಬಾ ಗೌರವ.

ಮನೆಗೆ ತಂದ ಮೇಲೆ ನೇರವಾಗಿ ರೀಫಿಗೆ ಬಿಡುವ ಹಾಗಿಲ್ಲ. ನಾಲ್ಕರಿಂದ ಆರು ವಾರ ಬೇರೆ ಟ್ಯಾಂಕಿನಲ್ಲಿ ಇಡಿ. ಅಡಗಲು ಎರಡು ಮೂರು ಪಿವಿಸಿ ಪೈಪ್ ತುಂಡು ಸಾಕು. ಬಿಳಿ ಚುಕ್ಕೆ ರೋಗ, ವೆಲ್ವೆಟ್ ರೋಗ, ಕಿವಿರಿನ ಹುಳು ಇವೆಲ್ಲ ಸಮುದ್ರದಿಂದ ಬಂದ ಮೀನಿನ ಜೊತೆಗೇ ಬರುತ್ತವೆ. ತಾಮ್ರದ ಔಷಧಿ ಹಾಕುವುದಾದರೆ ಒಂದೇ ದಿನಕ್ಕೆ ಪೂರ್ತಿ ಪ್ರಮಾಣ ಬೇಡ. ಏಂಜಲ್‌ಗಳಿಗೆ ತಾಮ್ರ ಅಷ್ಟಾಗಿ ಒಗ್ಗದು. ಟೆಸ್ಟ್ ಕಿಟ್ ಕೈಯಲ್ಲಿ ಹಿಡಿದು ಕೆಲವು ದಿನಗಳಲ್ಲಿ ನಿಧಾನವಾಗಿ ಏರಿಸಿ. ಮೀನು ಊಟ ಬಿಟ್ಟರೆ ಅಲ್ಲೇ ನಿಲ್ಲಿಸಿ. ಬಿಳಿ ಚುಕ್ಕೆ ರೋಗ ರೀಫಿಗೆ ಹೋಗಿಬಿಟ್ಟರೆ ಅಲ್ಲಿ ತಾಮ್ರ ಹಾಕಲಾಗದು, ಹವಳ, ಸೀಗಡಿ, ಬಸವನಹುಳು ಎಲ್ಲ ಸಾಯುತ್ತವೆ. ಎಲ್ಲ ಮೀನು ಹೊರಗೆ ತೆಗೆದು ಟ್ಯಾಂಕನ್ನು ಮೀನಿಲ್ಲದೆ ಬಿಡಬೇಕು. ಅದಕ್ಕೆ ಹವ್ಯಾಸಿಗಳು ಪಾಲಿಸುವ ಲೆಕ್ಕ 76 ದಿನ. ಆ 76 ದಿನಕ್ಕಿಂತ ಈ ಆರು ವಾರ ಎಷ್ಟೋ ಮೇಲು.

ಈ ವಾರಗಳಲ್ಲಿ ಇನ್ನೊಂದು ದೊಡ್ಡ ಲಾಭ ಇದೆ. ಮೀನು ನಿಮ್ಮ ಕೈಯ ಊಟ ಕಲಿಯುತ್ತದೆ. ಮೈಸಿಸ್, ಸ್ಪಿರುಲಿನಾ, ಕ್ಲಿಪ್ಪಿಗೆ ಸಿಕ್ಕಿಸಿದ ನೋರಿ (ಒಣ ಸಮುದ್ರಪಾಚಿಯ ಹಾಳೆ), ಸ್ಪಾಂಜ್ ಬೆರೆಸಿದ ಏಂಜಲ್ ಆಹಾರ, ಎಲ್ಲವನ್ನೂ ರೂಢಿ ಮಾಡಿಸಿ. ಬರೀ ಒಂದು ಬಗೆಯ ಊಟ ಬೇಡ. ಪೋಷಣೆ ಸಾಲದೆ ಹೋದರೆ ತಲೆಯ ಮೇಲೆ, ಪಕ್ಕದ ಗೆರೆಯಲ್ಲಿ ಚರ್ಮ ಸವೆದು ಗುಳಿ ಬೀಳುತ್ತದೆ. ದಿನಕ್ಕೆ ಮೂರು ನಾಲ್ಕು ಸಲ, ಸ್ವಲ್ಪ ಸ್ವಲ್ಪ ಕೊಡಿ. ಹಸಿದ ಹೊಟ್ಟೆಯಲ್ಲಿ ರೀಫಿಗೆ ಹೋದ ಏಂಜಲ್ ಮೊದಲು ಕಂಡದ್ದನ್ನೇ ತಿಂದು ರುಚಿ ಹತ್ತಿಸಿಕೊಳ್ಳುತ್ತದೆ. ಹೊಟ್ಟೆ ತುಂಬಿದ್ದೂ ಕುಕ್ಕುತ್ತದೆ, ನಿಜ. ಆದರೆ ಒಂದೇ ಕಡೆ ಹಟ ಹಿಡಿದು ನಿಲ್ಲುವುದು ಕಡಿಮೆ.

ರೀಫಿಗೆ ಕೊನೆಯ ಮೀನಾಗಿ ಬಿಡಿ. ಒಮ್ಮೆ ನೆಲೆ ನಿಂತರೆ ಇಡೀ ಟ್ಯಾಂಕ್ ತನ್ನದು ಅಂದುಕೊಳ್ಳುತ್ತದೆ, ಆಮೇಲೆ ಬರುವವರಿಗೆ ಉಳಿಗಾಲವಿಲ್ಲ. ರಂಧ್ರಗಳಿರುವ ಪಾರದರ್ಶಕ ಡಬ್ಬಿಯಲ್ಲಿ ಎರಡು ಮೂರು ದಿನ ಟ್ಯಾಂಕಿನೊಳಗೇ ಇಟ್ಟು, ಲೈಟ್ ಆರಿದ ಮೇಲೆ ಬಿಡುವುದು ನನ್ನ ಅಭ್ಯಾಸ. ನಿಮ್ಮ ಕ್ಲೌನ್, ಗ್ರಾಮಾಗಳ ಚಿಂತೆ ಅಷ್ಟಿಲ್ಲ. ಬ್ಲೆನಿ ಪಾಚಿ ಮೇಯುವ ಜಾತಿಯಾದರೆ ಊಟಕ್ಕೆ ಪೈಪೋಟಿ ಆಗಬಹುದು, ಅದರ ಮೇಲೆ ಕಣ್ಣಿರಲಿ.

ಬಿಟ್ಟ ಮೇಲೆ ಮೊದಲ ತಿಂಗಳು ದಿನಾ ಹತ್ತು ನಿಮಿಷ ದೂರ ಕೂತು ನೋಡಿ. ಹತ್ತಿರ ಹೋದರೆ ಊಟ ಬಂತು ಅಂತ ನಿಮ್ಮ ಕಡೆಗೇ ಬಂದುಬಿಡುತ್ತದೆ. ಹವಳದ ಮುಂದೆ ಬಂದಾಗ ಮೈಯನ್ನು ಸ್ವಲ್ಪ ಓರೆ ಮಾಡುತ್ತದೆ. ಒಂದು ಕಣ್ಣಿಂದ ನೋಡುತ್ತದೆ. ಟಕ್ ಅಂತ ಒಂದು ಕುಕ್ಕು, ಮುಂದೆ ಹೊರಟಿತು. ಇದು ಮೇಯುವುದು. ಇದಕ್ಕೆ ಗಾಬರಿ ಬೇಡ. ಹವಳದ ಬುಡದ ಸತ್ತ ಭಾಗದಲ್ಲಿ ಪಾಚಿ ಕುಕ್ಕುತ್ತಿದ್ದರಂತೂ ನಿಮಗೇ ಉಪಕಾರ. ಬೇರೆ ಕಡೆ ಹೋಗಿ ಮತ್ತೆ ಅದೇ ಪಾಲಿಪ್‌ಗೆ ವಾಪಸ್ ಬಂತು, ಹೋಯಿತು, ಮತ್ತೆ ಬಂತು, ಹವಳ ಮರುದಿನವೂ ತೆರೆಯಲಿಲ್ಲ ಅಂದರೆ ಅದು ಬೇರೆ ಲಕ್ಷಣ. ಮೂರು ದಿನ ಹೀಗೇ ಆದರೆ ಕೈ ಹಾಕಬೇಕು.

ಮೊದಲು ಹವಳವನ್ನು ಉಳಿಸಿ. ಅದರ ಮೇಲೆ ಜಾಲರಿ ಬುಟ್ಟಿ ಕವುಚಿ ಹಾಕಿ. ಬೆಳಕೂ ನೀರೂ ಹೋಗುತ್ತದೆ, ಮೀನಿನ ಬಾಯಿ ಹೋಗುವುದಿಲ್ಲ. ಒಂದೆರಡು ವಾರ ಹೀಗಿಟ್ಟು, ಊಟದ ಸರದಿ ಒಂದು ಜಾಸ್ತಿ ಮಾಡಿ. ಕೆಲವು ಮೀನು ಆ ಚಟ ಮರೆಯುತ್ತವೆ. ಬುಟ್ಟಿ ತೆಗೆದ ದಿನವೇ ಮತ್ತೆ ಬಂದರೆ ಮೀನನ್ನು ತೆಗೆಯಲೇಬೇಕು. ಕಲ್ಲು ಕಿತ್ತು ಅಟ್ಟಿಸಿಕೊಂಡು ಹೋಗಬೇಡಿ, ನಿಮ್ಮ ಕೈಯಲ್ಲಿ ಆಗದ ಕೆಲಸ ಅದು. ಒಂದು ಅಕ್ರಿಲಿಕ್ ಟ್ರ್ಯಾಪ್ ಡಬ್ಬಿ ತಂದಿಟ್ಟುಕೊಳ್ಳಿ. ಬಾಗಿಲನ್ನು ದಾರದಿಂದ ಮೇಲೆತ್ತಿ ಕಟ್ಟಿ ಟ್ಯಾಂಕಿನೊಳಗೆ ಇಡಿ. ನಾಲ್ಕೈದು ದಿನ ಊಟವನ್ನು ಅದರೊಳಗೇ ಹಾಕಿ, ಬಾಗಿಲು ಮುಟ್ಟಬೇಡಿ. ಮೀನು ಭಯ ಬಿಟ್ಟು ಒಳಗೆ ಹೋಗಿ ತಿನ್ನುವಂತಾದಾಗ ಒಂದು ಬೆಳಗ್ಗೆ, ಹಸಿವು ಹೆಚ್ಚಿರುವಾಗ, ದಾರ ಬಿಟ್ಟು ಬಾಗಿಲು ಬೀಳಿಸಿ. ನನ್ನ ಎರಡನೇ ಫ್ಲೇಮ್ ಆರನೇ ದಿನಕ್ಕೆ ಸಿಕ್ಕಿತು. ಹವಳವಿಲ್ಲದ ಟ್ಯಾಂಕ್ ಇರುವ ಗೆಳೆಯರೊಬ್ಬರ ಮನೆಗೆ ಕೊಟ್ಟೆ, ಈಗಲೂ ಅಲ್ಲೇ ಚೆನ್ನಾಗಿದೆ. ಹಾಗೆ ತೆಗೆದುಕೊಳ್ಳುವವರು ಯಾರಿದ್ದಾರೆ ಅಂತ ಈಗಲೇ ವಿಚಾರಿಸಿಡಿ.

ಜೋಡಿಯ ವಿಷಯ. ಈ ಮೀನುಗಳು ಹೆಣ್ಣಾಗಿ ಬೆಳೆದು, ಗುಂಪಿನ ಬಲವಾದದ್ದು ಗಂಡಾಗಿ ಬದಲಾಗುತ್ತದೆ. ಸಮುದ್ರದಲ್ಲಿ ಒಂದು ಗಂಡು ಕೆಲವು ಹೆಣ್ಣುಗಳ ಜೊತೆ ಇರುತ್ತದೆ. ಹಾಗಾಗಿ ಒಂದು ದೊಡ್ಡದು, ಒಂದು ಸ್ಪಷ್ಟವಾಗಿ ಚಿಕ್ಕದು, ಎರಡನ್ನೂ ಒಂದೇ ದಿನ ಬಿಟ್ಟರೆ ಹೊಂದಿಕೊಳ್ಳುವ ಸಾಧ್ಯತೆ ಇದೆ. ಎರಡೂ ಗಂಡಾದರೆ ಒಂದು ಸಾಯುವವರೆಗೂ ಜಗಳ. ಹೊಂದಿಕೊಂಡರೆ ನೋಡಲು ಅದಕ್ಕಿಂತ ಚಂದ ಇನ್ನಿಲ್ಲ. ಸಂಜೆ ಲೈಟ್ ಮಂಕಾಗುವ ಹೊತ್ತಿಗೆ ಗಂಡು ರೆಕ್ಕೆ ಅಗಲಿಸಿ ಹೆಣ್ಣಿನ ಸುತ್ತ ಸುತ್ತುತ್ತದೆ. ಎರಡೂ ಕಲ್ಲಿನಿಂದ ಮೆಲ್ಲಗೆ ಮೇಲೇರುತ್ತವೆ. ಗಂಡು ಹೆಣ್ಣಿನ ಹೊಟ್ಟೆಗೆ ಮೂತಿ ತಾಗಿಸುತ್ತದೆ. ಒಂದು ಕ್ಷಣ, ಮೊಟ್ಟೆ ಚೆಲ್ಲಿ ಎರಡೂ ಸರ್ ಅಂತ ಕೆಳಗೆ ಓಡಿ ಅಡಗುತ್ತವೆ. ಆದರೂ 300 ಲೀಟರ್‌ಗೆ ನನ್ನ ಸಲಹೆ ಒಂದೇ ಮೀನು. ಎರಡು ಬಾಯಿ ಅಂದರೆ ಹವಳಕ್ಕೆ ಎರಡರಷ್ಟು ಕುಕ್ಕು, ಕಲ್ಲಿನ ಪಾಚಿಯೂ ಬೇಗ ಖಾಲಿ.

ನಿಮ್ಮ ಟ್ಯಾಂಕಿಗೆ 14 ತಿಂಗಳಾಗಿದೆ ಅನ್ನುವುದು ನನಗೆ ಸಮಾಧಾನ ಕೊಟ್ಟ ವಿಷಯ. ಕಲ್ಲಿನ ಮೇಲೆ ಮೇಯಲು ಬೇಕಾದ್ದು ಬೆಳೆದಿರುತ್ತದೆ. ಇವತ್ತಿನಿಂದ ಹಿಂದಿನ ಗಾಜು ಉಜ್ಜುವುದು ನಿಲ್ಲಿಸಿ. ಮುಂದಿನದು, ಪಕ್ಕದವು ಮಾತ್ರ ಸ್ವಚ್ಛ ಮಾಡಿ. ಎರಡು ತಿಂಗಳಲ್ಲಿ ಹಿಂದಿನ ಗಾಜಿನ ಮೇಲೆ ಹಸಿರು ಪದರ ಕೂರುತ್ತದೆ, ಮೀನು ಬಂದ ದಿನದಿಂದ ಅದೇ ಅದರ ಹೊಲ. ಅಷ್ಟರಲ್ಲಿ ಟ್ರ್ಯಾಕಿಫಿಲಿಯಾಗೆ ಬೇರೆ ಜಾಗ ಸಿಕ್ಕಿತಾ ಅಂತ ನನಗೆ ಬರೆಯಿರಿ. ಅದಕ್ಕೆ 40 ಲೀಟರ್‌ನ ಸಣ್ಣ ಟ್ಯಾಂಕ್ ಸಾಕಾಗುತ್ತದೆ, ಲೈಟ್ ಮತ್ತು ಪಂಪ್ ಹೇಗಿರಬೇಕು ಅಂತ ಆಗ ಹೇಳುತ್ತೇನೆ.